ಕೈಯಾರೆ ಕಟ್ಟಿದ ರೇಡಿಯೊ
(ವಾರ್ಷಿಕ ಸಮಾರಂಭದ ಭಾಷಣದ ಸಾರಾಂಶ)



ನಿಮ್ಮೆಲ್ಲರ ಕೈಯಲ್ಲಿ ಮೊಬೈಲ್ ಇದೆ. ಅದು ಹೇಗೆ ಮಾತನಾಡುತ್ತದೆ ಎಂದು ಕೇಳಿದರೆ ಉತ್ತರ ಹೇಳುವವರು ಎಷ್ಟು ಮಂದಿ? ಮನುಷ್ಯ ತಾನೇ ಕಟ್ಟಿ, ಕೆಟ್ಟರೆ ತಾನೇ ರಿಪೇರಿ ಮಾಡಿಕೊಳ್ಳುವ ಒಂದು ಯಂತ್ರದ ಬಗ್ಗೆ ಇಂದು ಹೇಳುತ್ತೇನೆ. ಅದೇ ಹವ್ಯಾಸಿ ರೇಡಿಯೊ, ಅಂದರೆ ಹ್ಯಾಮ್ ರೇಡಿಯೊ.

ಹಿಂದಿನ ಹ್ಯಾಮ್‌ಗಳು ವಾಲ್ವ್ ಬಳಸಿ ಸೆಟ್ಟು ಕಟ್ಟುತ್ತಿದ್ದರು. ಅಂಥ ಹಳೆಯ ಸೆಟ್ಟು ಸಿಕ್ಕರೆ ಅವಸರದಿಂದ ಕೈ ಹಾಕಬೇಡಿ. ಅದರೊಳಗೆ ನೂರಾರು ವೋಲ್ಟ್ ಇರುತ್ತದೆ; ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಉಳಿದಿರುತ್ತದೆ. ತಿಳಿದವರ ಎದುರಿಗೇ ಬಿಚ್ಚಿರಿ.

ನಮ್ಮ ವಾಡಿಯಿಂದ ಚಿತ್ತಾಪುರ, ಸೇಡಂ ದಾಟಿ ಹೋಗುವ ರೈಲುಮಾರ್ಗ 1874ರಿಂದಲೂ ನಮ್ಮನ್ನು ಹೈದರಾಬಾದಿಗೆ ಜೋಡಿಸಿದೆ. ಆ ಊರಿನ ಅಶ್ಹರ್ ಫರ್ಹಾನ್ ಅವರು 2000ರ ದಶಕದ ಆರಂಭದಲ್ಲಿ ಬಿಟ್ಎಕ್ಸ್ ಎಂಬ ಸೆಟ್ಟನ್ನು ರೂಪಿಸಿದರು. ವಿದೇಶಿ ಸೆಟ್ಟು ದುಬಾರಿ. ವಿದೇಶಿ ನಕ್ಷೆ ನೋಡಿ ಕಟ್ಟೋಣವೆಂದರೆ ಬೇಕಾದ ಭಾಗಗಳು ಇಲ್ಲಿ ಸಿಗುತ್ತಿರಲಿಲ್ಲ. ಅವರು ಕೊರಗುತ್ತ ಕೂರಲಿಲ್ಲ. ಬಜಾರಿನಲ್ಲಿ ಸಿಗುವ ಸಾಧಾರಣ ಟ್ರಾನ್ಸಿಸ್ಟರ್, 10 ಮೆಗಾಹರ್ಟ್ಸ್ ಕ್ರಿಸ್ಟಲ್ ಆರಿಸಿಕೊಂಡರು. ತಂತಿ ಸುತ್ತಲು ನಲ್ಲಿಯ ವಾಷರನ್ನೇ ಬಳಸಿದರು! ಕೇಳುವಾಗಲೂ ಮಾತನಾಡುವಾಗಲೂ ಒಂದೇ ಸರ್ಕ್ಯೂಟ್ ದುಡಿಯುವುದರಿಂದ ಭಾಗಗಳು ಕಡಿಮೆ ಸಾಕು. ನಕ್ಷೆಯನ್ನು ಅವರು ಎಲ್ಲರಿಗೂ ಉಚಿತವಾಗಿ ಕೊಟ್ಟರು. ಅನೇಕ ದೇಶಗಳ ಜನ ಅದನ್ನು ಕಟ್ಟಿದರು. ಹಂಚಿದ ವಿದ್ಯೆಯೂ ಸದಕಾ ಅಲ್ಲವೇ?

ಅದರ ಶಕ್ತಿ ಸುಮಾರು 6 ವಾಟ್, ಒಂದು ಸಣ್ಣ ಎಲ್ಇಡಿ ಬಲ್ಬಿನಷ್ಟು. ಮಾಳಿಗೆಯ ಮೇಲೆ 5 ಮೀಟರಿನ ಎರಡು ತಾಮ್ರದ ತಂತಿ ಕಟ್ಟಿದರೆ ಆಂಟೆನಾ ಸಿದ್ಧ. 14 ಮೆಗಾಹರ್ಟ್ಸಿನ ಅಲೆ ಮೇಲಿನ ವಾತಾವರಣಕ್ಕೆ ತಾಗಿ ದೂರದ ನೆಲಕ್ಕೆ ಮರಳುತ್ತದೆ. ಹೀಗಾಗಿ ವಾತಾವರಣ ಅನುಕೂಲವಿದ್ದರೆ ಸಾವಿರಾರು ಕಿಲೋಮೀಟರ್ ಆಚೆಯವರೂ ಉತ್ತರಿಸುತ್ತಾರೆ. ಆದರೆ ಮೊದಲು ಕೇಳಬೇಕು, ಬೇರೆಯವರ ಮಾತಿನ ಮೇಲೆ ಮಾತನಾಡಬಾರದು. ಇದೇ ಇಲ್ಲಿಯ ಅದಬು.

ಲೈಸೆನ್ಸ್ ಇಲ್ಲದೆ ಪ್ರಸಾರ ಮಾಡುವುದು ಅಪರಾಧ. 12 ವರ್ಷ ತುಂಬಿದವರು ಕೇಂದ್ರ ಸರ್ಕಾರದ ಪರೀಕ್ಷೆಗೆ ಕೂರಬಹುದು. ಹಾಡು ಹಾಕುವುದಕ್ಕೂ ವ್ಯಾಪಾರದ ಮಾತಿಗೂ ಇದರಲ್ಲಿ ಅವಕಾಶವಿಲ್ಲ.

ಇದರಿಂದೇನು ಲಾಭ ಎನ್ನುತ್ತೀರಾ? 2001ರ ಭುಜ್ ಭೂಕಂಪದಲ್ಲಿ, 2004ರ ಸುನಾಮಿಯಲ್ಲಿ ಅಂಡಮಾನಿನಲ್ಲಿ ಫೋನುಗಳು ಸತ್ತಾಗ ಸುದ್ದಿ ಮುಟ್ಟಿಸಿದವರಲ್ಲಿ ಹ್ಯಾಮ್‌ಗಳೂ ಇದ್ದರು. 2020ರ ಅಕ್ಟೋಬರಿನಲ್ಲಿ ನಮ್ಮ ಕಾಗಿಣಾ ಉಕ್ಕಿದ್ದನ್ನು ನೀವು ಮರೆತಿರಲಾರಿರಿ. ಅಂಥ ದಿನ ಒಂದು ಬ್ಯಾಟರಿ, ಒಂದು ಸೆಟ್ಟು, ಅದನ್ನು ನಡೆಸಬಲ್ಲ ಒಬ್ಬ ಹುಡುಗ ಅಥವಾ ಹುಡುಗಿ ಊರಿಗೇ ಆಸರೆ.

ಆದ್ದರಿಂದ ನನ್ನ ವಿನಂತಿ ಇಷ್ಟೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಈ ಐದೂ ಊರುಗಳಲ್ಲಿ ನಾಲ್ಕಾರು ವಿದ್ಯಾರ್ಥಿಗಳು ಒಟ್ಟುಗೂಡಿರಿ. ಕಾದ ಸೋಲ್ಡರಿಂಗ್ ಐರನ್ನಿಗೆ ಸುಡದ ಮೇಜು ಬೇಕೇ? ಶಹಾಬಾದ್ ಕಲ್ಲಿನ ಒಂದು ಚಪ್ಪಡಿ ಸಾಕು. ಮೊದಲು ಕೇಳುವ ಸೆಟ್ಟು ಕಟ್ಟಿರಿ. ಮೊದಲ ಸಲ ಸುಮ್ಮನಿದ್ದರೆ ನಿರಾಶರಾಗಬೇಡಿ. ತಪ್ಪು ಹುಡುಕುವಾಗಲೇ ವಿದ್ಯೆ ಕೈಗೆ ಹತ್ತುತ್ತದೆ. ಕೊಂಡ ವಸ್ತು ಹಳತಾಗುತ್ತದೆ, ಕಲಿತ ಕೈ ಹಳತಾಗುವುದಿಲ್ಲ.

ಅಲ್ಲಾಹನು ನಿಮ್ಮ ಪ್ರಯತ್ನದಲ್ಲಿ ಬರಕತ್ ನೀಡಲಿ. ವಸ್ಸಲಾಮ್.