ದೊಡ್ಡವರ ಮಗ್ಗಿ: ಕಮ್ಯುನಿಟಿ ಕಾಲೇಜಿನ ಅಂಕಗಣಿತದ ತರಗತಿಯ ಸುತ್ತ ಕೆಲವು ವಿಚಾರಗಳು



ಮಿಸಿಸಾಗದ ಕನ್ನಡಿಗರಿಗೆ ಸ್ಕ್ವೇರ್ ಒನ್ ಮಾಲಿನ ದಾರಿ ಹೇಳಬೇಕಾಗಿಲ್ಲ. ಅದರ ಸಮೀಪದಲ್ಲಿಯೇ 2011ರಲ್ಲಿ ಆರಂಭವಾದ ಶೆರಿಡನ್ ಕಾಲೇಜಿನ ಕ್ಯಾಂಪಸ್ ಇದೆ. ಅದಕ್ಕೆ 1978ರಿಂದ 2014ರವರೆಗೆ ಈ ನಗರದ ಮೇಯರ್ ಆಗಿದ್ದ ಹೇಝಲ್ ಮೆಕ್ಯಾಲಿಯನ್ ಅವರ ಹೆಸರನ್ನಿಡಲಾಗಿದೆ. ಮನೆಯಲ್ಲಿ ಅನುಕೂಲವಿಲ್ಲದೆ ವಿಶ್ವವಿದ್ಯಾಲಯಕ್ಕೆ ಹೋಗಲಾಗದಿದ್ದ ಈ ಮಹಿಳೆ ಮುಂದೆ ಅದೇ ಶೆರಿಡನ್ ಕಾಲೇಜಿನ ಮೊದಲ ಕುಲಾಧಿಪತಿಯಾದರು. ಒಂಟಾರಿಯೊದ ಕಾಲೇಜು ವ್ಯವಸ್ಥೆಯ ಆಶಯವನ್ನು ತಿಳಿಯಲು ಈ ಒಂದು ಸಂಗತಿ ಸಾಕು. 1965ರಲ್ಲಿ ಶಾಸನವಾಗಿ, 1967ರ ಹೊತ್ತಿಗೆ ಬಾಗಿಲು ತೆರೆದ ಈ ಕಾಲೇಜುಗಳನ್ನು ರೂಪಿಸಿದವರು ಅಂದಿನ ಶಿಕ್ಷಣ ಸಚಿವರಾಗಿದ್ದ, ಪಕ್ಕದ ಬ್ರಾಂಪ್ಟನ್ನಿನ ಬಿಲ್ ಡೇವಿಸ್. ವಿಶ್ವವಿದ್ಯಾಲಯದ ದಾರಿ ಹಿಡಿಯದವರಿಗೆ, ಕೆಲಸ ಕಲಿಯಬೇಕಾದವರಿಗೆ, ಓದು ಅರ್ಧಕ್ಕೆ ನಿಂತ ವಯಸ್ಕರಿಗೆ ಅವು ತೆರೆದುಕೊಂಡವು.

ಇಂತಹ ಕಾಲೇಜುಗಳಲ್ಲಿ ಹೊರಗಿನವರ ಕಣ್ಣಿಗೆ ಹೆಚ್ಚು ಬೀಳದ ಒಂದು ತರಗತಿಯಿದೆ. ಅಲ್ಲಿ ಕಲಿಸುವುದು ಪೂರ್ಣಾಂಕ, ಭಿನ್ನರಾಶಿ, ದಶಮಾಂಶ, ಶೇಕಡಾವಾರು, ಅನುಪಾತ. ಒಂಟಾರಿಯೊದಲ್ಲಿ 'ಅಪ್‌ಗ್ರೇಡಿಂಗ್' ಎಂದು ಕರೆಯುವ ಈ ವ್ಯಾಸಂಗಕ್ಕೆ ಸರ್ಕಾರವೇ ಹಣ ಒದಗಿಸುತ್ತದೆ. ಕಲಿಯುವವರು ಬೋಧನಾ ಶುಲ್ಕ ಕೊಡಬೇಕಾಗಿಲ್ಲ. ಮುಂದುವರಿದು ಓದಿದವರಿಗೆ ಸಂಕ್ಷಿಪ್ತವಾಗಿ 'ಏಸ್' ಎನ್ನುವ ಪ್ರಮಾಣಪತ್ರ ಸಿಗುತ್ತದೆ; ಕಾಲೇಜು ಪ್ರವೇಶಕ್ಕೆ ಅದು ಹನ್ನೆರಡನೆಯ ತರಗತಿಗೆ ಸಮಾನವಾದುದು. ಅಲ್ಲಿಂದ ಮುಂದೆ ನರ್ಸಿಂಗ್, ವಿದ್ಯುತ್ ಕೆಲಸ, ಲೆಕ್ಕಪತ್ರ ಮೊದಲಾದ ದಾರಿಗಳು ತೆರೆಯುತ್ತವೆ.

ಈ ತರಗತಿಯಲ್ಲಿ ಕೂರುವ ನಲವತ್ತೈದರ ಕನ್ನಡಿತಿಯೊಬ್ಬರನ್ನು ಕಲ್ಪಿಸಿಕೊಳ್ಳೋಣ. ಊರು ಹಾಸನದ ಕಡೆಯದಿರಬಹುದು, ಕಲಬುರಗಿಯ ಕಡೆಯದಿರಬಹುದು. ಎಸ್‌ಎಸ್‌ಎಲ್‌ಸಿಯಲ್ಲಿ 'ಗಣಿತ ಹೋಯಿತು.' ತಮ್ಮನಿಗೆ ಹೋದಾಗ ಮನೆಯವರು ಟ್ಯುಟೋರಿಯಲ್‌ಗೆ ಹಾಕಿದರು. ಆಕೆಗೆ ಹೋದಾಗ ಗಂಡು ನೋಡಲು ಶುರುಮಾಡಿದರು. ಇಪ್ಪತ್ತೈದು ವರ್ಷಗಳ ನಂತರ, ಮಕ್ಕಳು ದೊಡ್ಡವರಾದ ಮೇಲೆ, ಪ್ರಾಕ್ಟಿಕಲ್ ನರ್ಸಿಂಗ್ ಓದಬೇಕೆಂಬ ಆಸೆ ಆಕೆಯಲ್ಲಿ ಹುಟ್ಟಿದೆ. ಅದಕ್ಕೆ ಗಣಿತ ಬೇಕು. ವಾರಕ್ಕೆ ಕೆಲವು ಸಂಜೆ ಬಸ್ಸು ಹಿಡಿದು ಹೋಗಿಬರುತ್ತಾರೆ. ಹಬ್ಬದ ಊಟಕ್ಕೆ ಸೇರಿದಾಗ ಯಾರಾದರೂ ಕೇಳಿದರೆ 'ಕಾಲೇಜಿಗೆ ಹೋಗ್ತಿದೀನಿ' ಎನ್ನುತ್ತಾರೆ. ಏನು ಓದುತ್ತಿದ್ದೀರಿ ಎಂಬ ಮರುಪ್ರಶ್ನೆ ಬರುವಷ್ಟರಲ್ಲಿ ಅಡುಗೆಮನೆಗೆ ಎದ್ದು ಹೋಗುತ್ತಾರೆ.

ಈ ಮಹಿಳೆ ಕಲ್ಪಿತಳು. ಆಕೆಯ ಸಂಕೋಚ ಕಲ್ಪಿತವಲ್ಲ. ಇಂದಿನ ಮಾತು ಆ ಸಂಕೋಚವನ್ನು ಕುರಿತದ್ದು. ಭಾರತೀಯರೆಂದರೆ ಗಣಿತದಲ್ಲಿ ಮುಂದು ಎಂಬ ಮಾತನ್ನು ವಲಸೆ ಸಮುದಾಯ ಹೆಮ್ಮೆಯಿಂದ ಹೊತ್ತು ತಿರುಗುತ್ತದೆ. ವಾಟರ್‌ಲೂ ವಿಶ್ವವಿದ್ಯಾಲಯದ ಗಣಿತ ಸ್ಪರ್ಧೆಗಳಲ್ಲಿ ಮಕ್ಕಳು ಪಡೆದ ಅಂಕಗಳು ಊಟದ ಪಂಕ್ತಿಯಲ್ಲಿ ಸುದ್ದಿಯಾಗುತ್ತವೆ. ಆ ಹೆಮ್ಮೆಗೆ ತೆರಬೇಕಾದ ಬೆಲೆಯನ್ನು ಅದೇ ಪಂಕ್ತಿಯಲ್ಲಿ ಬಡಿಸುತ್ತಿರುವ ಮಹಿಳೆ ತೆರುತ್ತಾರೆ.

ಆಕೆಗೆ ನಿಜವಾಗಿಯೂ ಲೆಕ್ಕ ಬರುವುದಿಲ್ಲವೆ? ಮುಕ್ಕಾಲು ಪಾವು ಅಕ್ಕಿಯಲ್ಲಿ ಅರ್ಧದಷ್ಟನ್ನು ಮಾತ್ರ ಬೇಯಿಸಬೇಕಾದರೆ ಎಷ್ಟು ತೆಗೆಯಬೇಕೆಂದು ಕೇಳಿದರೆ, 'ಕಾಲು ಪಾವು, ಮೇಲೊಂದು ಅರೆಕಾಲು' ಎಂದು ಯೋಚಿಸದೆ ಹೇಳಬಲ್ಲರು. ಅದು ಎಂಟನೆಯ ಮೂರು ಭಾಗ, ಉತ್ತರ ಸರಿ. ಅದೇ ಪ್ರಶ್ನೆ ಹಲಗೆಯ ಮೇಲೆ ಮೂರು ಬಾಗಿಸು ನಾಲ್ಕು, ಗುಣಿಸು ಒಂದು ಬಾಗಿಸು ಎರಡು ಎಂದು ಬಂದಾಗ ಕೈ ತಡೆಯುತ್ತದೆ. ಕನ್ನಡದ ಪದಗಳಲ್ಲಿಯೇ ಭಿನ್ನರಾಶಿಯ ಗಣಿತ ಅಡಗಿದೆ: ಮೂರು ಕಾಲು ಸೇರಿ ಮುಕ್ಕಾಲು, ಕಾಲಿನ ಅರೆ ಅರೆಕಾಲು, ಒಂದರ ಮೇಲೊಂದು ಅರೆ ಬಂದರೆ ಒಂದೂವರೆ. ಹಳೆಯ ಐಗಳ ಮಠಗಳಲ್ಲಿ ಕಾಲು, ಅರೆ, ಮುಕ್ಕಾಲುಗಳ ಮಗ್ಗಿಯನ್ನೂ ಬಾಯಿಪಾಠ ಮಾಡಿಸುತ್ತಿದ್ದರು. ಶಾಲೆ ಆಕೆಗೆ ಕೊಟ್ಟದ್ದು ಬೇರೆ ಬರವಣಿಗೆ. ಎರಡರ ನಡುವೆ ಸೇತುವೆಯನ್ನು ಯಾರೂ ಕಟ್ಟಿಕೊಡಲಿಲ್ಲ.

ಇದು ಕನ್ನಡಿಗರಿಗೆ ಮಾತ್ರ ಸೀಮಿತವಾದ ಸಂಗತಿಯಲ್ಲ. 1985ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನವೊಂದರಲ್ಲಿ ಬ್ರೆಜಿಲ್ ದೇಶದ ರೆಸಿಫೆ ನಗರದ ಬೀದಿಗಳಲ್ಲಿ ಮಾರಾಟ ಮಾಡುವ ಮಕ್ಕಳ ಲೆಕ್ಕವನ್ನು ಟೆರೆಸಿನಾ ಕ್ಯಾರಾಹರ್ ಮತ್ತು ಸಂಗಡಿಗರು ಪರಿಶೀಲಿಸಿದರು. ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಲ್ಲಿ ಶೇಕಡಾ 98ರಷ್ಟು ಸರಿಯಾಗಿದ್ದವು. ಅವೇ ಲೆಕ್ಕಗಳನ್ನು ಸಂದರ್ಭವಿಲ್ಲದೆ ಕಾಗದದ ಮೇಲೆ ಕೊಟ್ಟಾಗ ಸರಿಯಾದವು ಶೇಕಡಾ 37 ಮಾತ್ರ. ಮೂವತ್ತೈದರ ಬೆಲೆಯ ನಾಲ್ಕು ತೆಂಗಿನಕಾಯಿಗೆ ನೂರ ನಲವತ್ತೆಂದು ಬಾಯಲ್ಲಿ ಹೇಳಿದ ಬಾಲಕ, ಕಾಗದದ ಮೇಲೆ ಇನ್ನೂರು ಎಂದು ಬರೆದ. ನಾಲ್ಕೈದಲ ಇಪ್ಪತ್ತು, ದಶಕ ಎರಡು. ಆ ಎರಡನ್ನು ಮೊದಲೇ ಮೂರಕ್ಕೆ ಕೂಡಿಸಿ, ಬಂದ ಐದನ್ನು ಮತ್ತೆ ನಾಲ್ಕರಿಂದ ಗುಣಿಸಿದ್ದ. ಅವನಿಗೆ ಬೆಲೆ ಗೊತ್ತಿತ್ತು. ದಶಕವನ್ನು ಯಾವಾಗ ಸೇರಿಸಬೇಕೆಂಬ ಶಾಲೆಯ ವಿಧಿ ಮಾತ್ರ ಕೈತಪ್ಪಿತ್ತು. 2025ರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೋ ಮತ್ತು ಸಂಗಡಿಗರು ಕೋಲ್ಕತ್ತ ಹಾಗೂ ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳನ್ನು ಕುರಿತು ಪ್ರಕಟಿಸಿದ ಅಧ್ಯಯನವೂ ಇದನ್ನೇ ಕಂಡಿತು. ಜೊತೆಗೆ ಇನ್ನೊಂದನ್ನೂ ಕಂಡಿತು: ಶಾಲೆಯ ಲೆಕ್ಕ ಬಲ್ಲ ಮಕ್ಕಳು ಮಾರುಕಟ್ಟೆಯ ಲೆಕ್ಕದಲ್ಲಿ ಎಡವಿದರು. ಒಂದು ಕಡೆಯ ಜಾಣತನ ಇನ್ನೊಂದು ಕಡೆಗೆ ತಾನಾಗಿ ದಾಟುವುದಿಲ್ಲ.

ವಲಸೆ ಬಂದವರಿಗೆ ಈ ದಾಟುವಿಕೆ ಇನ್ನೂ ಕಷ್ಟದ್ದು. ಲಕ್ಷ, ಕೋಟಿಗಳಲ್ಲಿ ಎಣಿಸಿದವರು ಮಿಲಿಯನ್‌ಗೆ ಬರಬೇಕು. ಅಲ್ಪವಿರಾಮ ಬೀಳುವ ಜಾಗವೇ ಬೇರೆ. ಊರಿನ ಹಳೆಯ ರೂಢಿಯಲ್ಲಿ ಭಾಗಲಬ್ಧವನ್ನು ಬಲಗಡೆ ಬರೆದರೆ ಇಲ್ಲಿ ಭಾಜ್ಯದ ನೆತ್ತಿಯ ಮೇಲೆ ಬರೆಯುತ್ತಾರೆ. ಅಲ್ಲಿ ಕಲಿತ 'ಬೋಡ್ಮಾಸ್' ಇಲ್ಲಿ 'ಬೆಡ್ಮಾಸ್' ಆಗಿದೆ. ಕಾನೂನಿನ ಪ್ರಕಾರ ಮೆಟ್ರಿಕ್ ದೇಶವಾದರೂ ಅಂಗಡಿಯಲ್ಲಿ ಸೇಬಿನ ಬೆಲೆಯನ್ನು ಪೌಂಡಿನಲ್ಲಿ ಬರೆದಿರುತ್ತಾರೆ, ಬಡಗಿ ಅಡಿ ಅಂಗುಲಗಳಲ್ಲಿ ಅಳೆಯುತ್ತಾನೆ, ಒಲೆ ಫ್ಯಾರನ್‌ಹೀಟಿನಲ್ಲಿ ಕಾಯುತ್ತದೆ.

ಅಳತೆಯೊಂದರಿಂದ ಇನ್ನೊಂದಕ್ಕೆ ದಾಟುವಾಗ ಬಲ್ಲವರೂ ಎಡವುತ್ತಾರೆ ಎಂಬುದಕ್ಕೆ ಕೆನಡಾದ ಇತಿಹಾಸದಲ್ಲಿಯೇ ದೊಡ್ಡ ನಿದರ್ಶನವಿದೆ. 1983ರ ಜುಲೈ 23ರಂದು ಮಾಂಟ್ರಿಯಲ್‌ನಿಂದ ಒಟ್ಟಾವಾ ಮಾರ್ಗವಾಗಿ ಎಡ್ಮಂಟನ್‌ಗೆ ಹೊರಟ ಏರ್ ಕೆನಡಾದ ಹೊಸ ಬೋಯಿಂಗ್ 767 ವಿಮಾನದ ಇಂಧನ ಮಾಪಕ ಕೆಟ್ಟಿತ್ತು. ಅಳತೆಗೋಲು ಹಾಕಿ ನೋಡಿದಾಗ ಟ್ಯಾಂಕಿನಲ್ಲಿ 7,682 ಲೀಟರ್ ಇತ್ತು. ಪ್ರಯಾಣಕ್ಕೆ 22,300 ಕಿಲೋಗ್ರಾಂ ಬೇಕಿತ್ತು. ಲೀಟರನ್ನು ಕಿಲೋಗ್ರಾಮಿಗೆ ತಿರುಗಿಸಲು ಸುಮಾರು 0.8ರಿಂದ ಗುಣಿಸಬೇಕಾಗಿದ್ದಲ್ಲಿ 1.77ರಿಂದ ಗುಣಿಸಿದರು. ಅದು ಪೌಂಡಿನ ಸಂಖ್ಯೆ. ಇಪ್ಪತ್ತು ಸಾವಿರ ಲೀಟರ್ ತುಂಬಬೇಕಾದಲ್ಲಿ ಐದು ಸಾವಿರಕ್ಕೂ ಕಡಿಮೆ ತುಂಬಿದರು. ನೆಲದ ಸಿಬ್ಬಂದಿ, ಪೈಲಟ್‌ಗಳು ಯಾರಿಗೂ ತಪ್ಪು ಕಾಣಲಿಲ್ಲ. 41,000 ಅಡಿ ಎತ್ತರದಲ್ಲಿ ಇಂಧನ ಮುಗಿಯಿತು. ಕ್ಯಾಪ್ಟನ್ ಬಾಬ್ ಪಿಯರ್ಸನ್ ಮತ್ತು ಸಹಪೈಲಟ್ ಮೊರಿಸ್ ಕ್ವಿಂಟಾಲ್ ಎಂಜಿನ್‌ಗಳಿಲ್ಲದ ವಿಮಾನವನ್ನು ತೇಲಿಸುತ್ತ ಮ್ಯಾನಿಟೋಬಾದ ಗಿಮ್ಲಿಯ ಹಳೆಯ ವಾಯುನೆಲೆಯಲ್ಲಿ ಇಳಿಸಿದರು. ಅದರಲ್ಲಿದ್ದ 69 ಮಂದಿಯೂ ಬದುಕಿದರು. ತಪ್ಪಾದ ಲೆಕ್ಕ ಒಂದೇ ಒಂದು ಗುಣಾಕಾರ. ಆ ಕಾರಣಕ್ಕೆ ಅವರನ್ನು ಲೆಕ್ಕ ಬಾರದ ದಡ್ಡರೆನ್ನಲಾಗದು. ದೇಶ ಪೌಂಡಿನಿಂದ ಕಿಲೋಗ್ರಾಮಿಗೆ ದಾಟುತ್ತಿದ್ದ ಕಾಲದ ಗೊಂದಲವನ್ನು, ತರಬೇತಿಯ ಕೊರತೆಯನ್ನು ಗುರುತಿಸಿದರು. ಅದೇ ಔದಾರ್ಯ ಪಾವಿನಿಂದ ಭಿನ್ನರಾಶಿಗೆ ದಾಟುತ್ತಿರುವ ಮಹಿಳೆಗೂ ಸಲ್ಲಬೇಕು.

ಭಾರತವೂ ಒಮ್ಮೆ ಹೀಗೆ ದಾಟಿದೆ. 1957ರ ಏಪ್ರಿಲ್ 1ರಂದು ಹದಿನಾರು ಆಣೆಯ ರೂಪಾಯಿ ನೂರು ನಯಾಪೈಸೆಯ ರೂಪಾಯಿಯಾಯಿತು. ಅದರ ಬೆನ್ನಿಗೇ ಸೇರು, ಮಣಗಳ ಜಾಗಕ್ಕೆ ಕಿಲೋ ಬಂದಿತು. ಅಂದು ಸಂತೆಯಲ್ಲಿ ಕುಳಿತ ಅಜ್ಜಿಯಿಂದ ಹಿಡಿದು ಶಾನುಭೋಗರವರೆಗೆ ಎಲ್ಲರೂ ಮೂಲಭೂತ ಅಂಕಗಣಿತದ ವಿದ್ಯಾರ್ಥಿಗಳಾದರು. ನಾಲ್ಕಾಣೆಗೆ ಇಪ್ಪತ್ತೈದು ಪೈಸೆಯೆಂಬುದು ಸುಲಭ. ಒಂದಾಣೆಗೆ ಆರೂಕಾಲು ಪೈಸೆ ಬಂದಾಗ ಕಾಲು ಪೈಸೆಯನ್ನು ಯಾರು ಬಿಡಬೇಕೆಂಬುದು ಕಷ್ಟ. ಇಡೀ ದೇಶ ಒಟ್ಟಿಗೆ ಕಲಿತದ್ದರಿಂದ ಆ ಕಲಿಕೆ ಯಾರಿಗೂ ಅವಮಾನವೆನಿಸಲಿಲ್ಲ. ವಲಸಿಗರು ಒಬ್ಬೊಬ್ಬರಾಗಿ ಕಲಿಯುತ್ತಾರೆ, ಆದ್ದರಿಂದ ಬಚ್ಚಿಟ್ಟುಕೊಳ್ಳುತ್ತಾರೆ.

ಇಷ್ಟು ಹೇಳಿದ ಮಾತ್ರಕ್ಕೆ ಆಕೆಗೆ ಎಲ್ಲವೂ ಬರುತ್ತದೆ, ತರಗತಿಯೇ ಬೇಡವೆಂದು ವಾದಿಸಿದಂತಾಗಬಾರದು. ಐದು ಮಿಲಿಲೀಟರಿನಲ್ಲಿ 125 ಮಿಲಿಗ್ರಾಂ ಔಷಧವಿರುವ ಸಿರಪ್ಪಿನಿಂದ ರೋಗಿಗೆ 200 ಮಿಲಿಗ್ರಾಂ ಕೊಡಬೇಕಾದಾಗ ಉತ್ತರ ಎಂಟು ಮಿಲಿಲೀಟರೇ ಆಗಬೇಕು. ಅಲ್ಲಿ ಅಂದಾಜು ಸಲ್ಲದು. ಜಾನಪದ ಜ್ಞಾನವನ್ನು ಹೊಗಳಿ, ಬರೆದು ಮಾಡುವ ಲೆಕ್ಕವನ್ನು ಕಲಿಸದೆ ಬಿಡುವುದು ಇನ್ನೊಂದು ಬಗೆಯ ವಂಚನೆ. ಎಸ್‌ಎಸ್‌ಎಲ್‌ಸಿಯ ಆ ವರ್ಷ ಆಕೆಯಿಂದ ಕಿತ್ತುಕೊಂಡದ್ದು ಈ ಹಕ್ಕನ್ನೇ. ಭಾರತದ ಜನಗಣತಿಯ ಪ್ರಕಾರ ಏಳು ವರ್ಷ ದಾಟಿದವರು ಯಾವುದಾದರೂ ಭಾಷೆಯನ್ನು ಅರಿತು ಓದಿ ಬರೆಯಬಲ್ಲವರಾದರೆ ಅಕ್ಷರಸ್ಥರು. ಲೆಕ್ಕದ ಮಾತು ಆ ವ್ಯಾಖ್ಯೆಯಲ್ಲಿ ಬರುವುದಿಲ್ಲ. 1988ರಲ್ಲಿ ಆರಂಭವಾದ ರಾಷ್ಟ್ರೀಯ ಸಾಕ್ಷರತಾ ಮಿಷನ್ ಓದು, ಬರಹಗಳ ಜೊತೆಗೆ ಲೆಕ್ಕವನ್ನೂ ಸೇರಿಸಿತ್ತು. ಲೆಕ್ಕ ಬಾರದ ಅಕ್ಷರಸ್ಥೆ ಸಾಲದ ಬಡ್ಡಿಯನ್ನು ಬೇರೆಯವರ ಬಾಯಿಂದ ಕೇಳಬೇಕಾಗುತ್ತದೆ ಎಂಬ ಅರಿವು ಅದರ ಹಿಂದಿತ್ತು.

ಅಂಕಗಣಿತ ಬಾಗಿಲೂ ಆಗಬಹುದು, ಅಗುಳಿಯೂ ಆಗಬಹುದು. ಒಂಟಾರಿಯೊ ಸರ್ಕಾರ ಹೊಸ ಶಿಕ್ಷಕರೆಲ್ಲರಿಗೂ ಗಣಿತ ಪರೀಕ್ಷೆಯನ್ನು ಕಡ್ಡಾಯ ಮಾಡಿದಾಗ ವಿಷಯ ನ್ಯಾಯಾಲಯಕ್ಕೆ ಹೋಯಿತು. ಬಿಳಿಯರಲ್ಲದ ಅಭ್ಯರ್ಥಿಗಳಿಗೆ ಆ ಪರೀಕ್ಷೆ ಹೆಚ್ಚು ಅಡ್ಡಿಯಾಗುತ್ತದೆಂಬ ಕಾರಣಕ್ಕೆ 2021ರ ಡಿಸೆಂಬರಿನಲ್ಲಿ ಡಿವಿಷನಲ್ ನ್ಯಾಯಾಲಯ ಅದನ್ನು ಅಸಾಂವಿಧಾನಿಕವೆಂದಿತು. ಮತ್ತೆ ಬರೆದವರ ಫಲಿತಾಂಶಗಳನ್ನೂ ಗಮನಿಸಿದ ಮೇಲ್ಮನವಿ ನ್ಯಾಯಾಲಯ 2023ರ ನವೆಂಬರಿನಲ್ಲಿ ಆ ತೀರ್ಪನ್ನು ತಳ್ಳಿಹಾಕಿತು. ತೀರ್ಪುಗಳ ಬಗ್ಗೆ ಭಿನ್ನಾಭಿಪ್ರಾಯವಿರಬಹುದು. ಆದರೆ ಮತ್ತೆ ಬರೆಯುವ ಅವಕಾಶಕ್ಕೆ ಎಷ್ಟು ತೂಕವಿದೆ ಎಂಬುದು ಇದರಿಂದ ತಿಳಿಯುತ್ತದೆ. ಆ ಹಳ್ಳಿಯ ಹುಡುಗಿಗೆ ದಕ್ಕದೇ ಹೋದದ್ದು ಅದೇ ಅವಕಾಶ.

ಕನ್ನಡ ನಾಡಿನ ಪರಂಪರೆ ಈ ವಿಷಯದಲ್ಲಿ ಬಡವಾದುದಲ್ಲ. ಒಂಬತ್ತನೆಯ ಶತಮಾನದಲ್ಲಿ ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ'ದ ಆರಂಭದಲ್ಲಿ ಗಣಿತ ಬೇಕಾಗುವ ಕ್ಷೇತ್ರಗಳನ್ನು ಹೆಸರಿಸುವಾಗ ವೈದ್ಯ, ಸಂಗೀತ, ವಾಸ್ತುಗಳ ಜೊತೆಗೆ ಅಡುಗೆಯನ್ನೂ ಸೇರಿಸುತ್ತಾನೆ. ಆ ಗ್ರಂಥ ಸಂಸ್ಕೃತದಲ್ಲಿತ್ತು. ಹನ್ನೆರಡನೆಯ ಶತಮಾನದಲ್ಲಿ ರಾಜಾದಿತ್ಯ ಗಣಿತವನ್ನು ಕನ್ನಡಕ್ಕೆ ತಂದು ತನ್ನ ಕೃತಿಯೊಂದಕ್ಕೆ 'ವ್ಯವಹಾರಗಣಿತ' ಎಂದು ಹೆಸರಿಟ್ಟ. ಪಂಡಿತರ ಭಾಷೆಯಿಂದ ಆಡುವವರ ಭಾಷೆಗೆ ಲೆಕ್ಕವನ್ನು ದಾಟಿಸುವ ಕೆಲಸ ಇಲ್ಲಿ ಎಂಟು ನೂರು ವರ್ಷಗಳಿಗೂ ಹಿಂದೆಯೇ ಆರಂಭವಾಗಿದೆ.

ಆ ಕೆಲಸವನ್ನು ಮಿಸಿಸಾಗದ ಕನ್ನಡ ಕೂಟಗಳು ಮುಂದುವರಿಸಬಹುದು. ದೊಡ್ಡ ಯೋಜನೆ ಬೇಕಾಗಿಲ್ಲ. ತರಗತಿಯಿರುವ ಸಂಜೆ ಮಕ್ಕಳನ್ನು ನೋಡಿಕೊಳ್ಳಲು ಇನ್ನೊಂದು ಮನೆಯವರು ಮುಂದಾದರೆ ಸಾಕು. ಛೇದ, ಅಂಶ, ಅನುಪಾತಗಳಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ಕನ್ನಡದಲ್ಲಿ ವಿವರಿಸಲು ನಿವೃತ್ತ ಮೇಷ್ಟ್ರೊಬ್ಬರು ವಾರಕ್ಕೊಂದು ಗಂಟೆ ಕೊಟ್ಟರೆ ಸಾಕು. ರಾಜ್ಯೋತ್ಸವದ ವೇದಿಕೆಯಲ್ಲಿ ಗಣಿತ ಸ್ಪರ್ಧೆ ಗೆದ್ದ ಮಕ್ಕಳನ್ನು ಕರೆಯುವಾಗ, ಅಪ್‌ಗ್ರೇಡಿಂಗ್ ಮುಗಿಸಿದ ಅಮ್ಮಂದಿರನ್ನೂ ಅಪ್ಪಂದಿರನ್ನೂ ಅವರು ಒಪ್ಪಿದರೆ ಕರೆಯಬಹುದು. ಮುಂದಿನ ಹಬ್ಬದೂಟದಲ್ಲಿ 'ಏನು ಓದುತ್ತಿದ್ದೀರಿ?' ಎಂದು ಯಾರಾದರೂ ಕೇಳಿದಾಗ ಆಕೆ ಅಡುಗೆಮನೆಗೆ ಎದ್ದು ಹೋಗದೆ ಕುಳಿತಲ್ಲಿಂದಲೇ 'ಭಿನ್ನರಾಶಿ' ಎನ್ನುವಂತಾಗಲಿ.