ಒಮ್ಮೆ ಹಾಡಿ, ನಾಲ್ಕು ಸಲ ಕೇಳಿಸುವ ಪಲ್ಲವಿ

ನೀರಮಾನ್ವಿಯ ಯಲ್ಲಮ್ಮನ ಗುಡ್ಡಕ್ಕೆ ಹೋದಾಗ ಅಂಗಡಿ ಸಾಲಿನ ಸ್ಪೀಕರುಗಳಿಗೆ ಸ್ವಲ್ಪ ಕಿವಿಗೊಡಿ. ಕೆಲವು ಭಕ್ತಿಗೀತೆಗಳಲ್ಲಿ ಪಲ್ಲವಿ ನಾಲ್ಕು ಸಲ ಬಂದರೆ ನಾಲ್ಕೂ ಸಲ ಅದೇ ಉಸಿರು, ಕೊನೆಯಕ್ಷರದಲ್ಲಿ ಅದೇ ನಡುಕ. ಹಾಡಿದ್ದು ಒಂದೇ ಸಲ. ಉಳಿದದ್ದು ಕಂಪ್ಯೂಟರಿನ ಕಾಪಿ-ಪೇಸ್ಟ್.

ಗ್ರಾಮಫೋನಿನ ಕಾಲದಲ್ಲಿ ಇದು ಆಗದ ಮಾತು. ಮಲ್ಲಿಕಾರ್ಜುನ ಮನ್ಸೂರರು ಎಚ್‌ಎಂವಿ ಕಂಪನಿಗೆ ಹಾಡುವಾಗ ತಟ್ಟೆಯ ಒಂದು ಬದಿಗೆ ಸಿಗುತ್ತಿದ್ದುದು ಮೂರು ಚಿಲ್ಲರೆ ನಿಮಿಷ. ಮೇಣದಲ್ಲಿ ಕೊರೆದದ್ದನ್ನು ತಿದ್ದುವಂತಿಲ್ಲ. ತಪ್ಪಿತೋ, ಮೊದಲಿನಿಂದ ಹಾಡಬೇಕು.

1935ರಲ್ಲಿ ಬರ್ಲಿನ್ನಿನ ಪ್ರದರ್ಶನಕ್ಕೆ ಮ್ಯಾಗ್ನೆಟೊಫೋನ್ ಎಂಬ ಟೇಪಿನ ಯಂತ್ರ ಬಂತು. ಮಹಾಯುದ್ಧ ಮುಗಿದ ಮೇಲೆ ಟೇಪು ಜಗತ್ತಿಗೆಲ್ಲ ಹರಡಿತು, ಧ್ವನಿಗೆ ಬ್ಲೇಡು ತಾಗಿತು. ನಮ್ಮ ಆಕಾಶವಾಣಿಯಲ್ಲೂ ಸ್ಪೂಲನ್ನು ಕೈಯಲ್ಲೇ ಹಿಂದೆ ಮುಂದೆ ತಿರುಗಿಸಿ, ಉಸಿರೆಳೆದ ಜಾಗ ಹುಡುಕಿ, ಪೆನ್ಸಿಲಿನಿಂದ ಗುರುತು ಹಾಕಿ ಕತ್ತರಿಸುತ್ತಿದ್ದರು. ಕತ್ತರಿಸುವುದು ಓರೆಯಾಗಿ. ನೇರ ಕತ್ತರಿಸಿದರೆ ಜೋಡಿಸಿದಲ್ಲಿ ‘ಟಪ್’ ಎನ್ನಬಹುದು. ಓರೆಯಾದರೆ ಒಂದು ಧ್ವನಿ ಇನ್ನೊಂದರೊಳಗೆ ಮೆಲ್ಲಗೆ ಜಾರುತ್ತದೆ. ಬೆರಳಿನ ಹದ ಗೊತ್ತಿದ್ದವರ ಕೆಲಸ ಅದು.

ಆದರೆ ಇದೆಲ್ಲ ಕತ್ತರಿಸುವ, ಜೋಡಿಸುವ ಮಾತು. ಒಂದೇ ತುಣುಕು ಎರಡು ಕಡೆ ಬೇಕೆಂದರೆ ಇನ್ನೊಂದು ಟೇಪಿಗೆ ಇಳಿಸಬೇಕು. ಇಳಿಸಿದಷ್ಟೂ ‘ಸ್ಸ್’ ಎಂಬ ಸದ್ದು ಹೆಚ್ಚುತ್ತಿತ್ತು. ಆದರೂ ಬಿಟ್ಟವರಿಲ್ಲ: 1977ರಲ್ಲಿ ಬೀ ಜೀಸ್ ತಂಡದವರು ‘ಸ್ಟೇಯಿಂಗ್ ಅಲೈವ್’ ಹಾಡಿಗೆ ಡ್ರಮ್ಮಿನ ಒಂದು ತುಣುಕನ್ನೇ ಟೇಪಿನ ಉಂಗುರ ಮಾಡಿ ಸುತ್ತಿಸಿದರು. ಡ್ರಮ್ ಬಾರಿಸುವವರು ಮನೆಯ ಕಷ್ಟಕ್ಕೆ ಊರಿಗೆ ಹೋಗಿದ್ದರಂತೆ!

ಧ್ವನಿ ಅಂಕಿಯಾದ ಮೇಲೆ ಆ ಅಡ್ಡಿಯೂ ಹೋಯಿತು. 1991ರಲ್ಲಿ ಪ್ರೋ ಟೂಲ್ಸ್ ಎಂಬ, ಕಂಪ್ಯೂಟರಿನಲ್ಲೇ ಧ್ವನಿ ಕತ್ತರಿಸಿ ಜೋಡಿಸುವ ಸಾಧನ ಬಂತು. ಮೂಲಕ್ಕೂ ನಕಲಿಗೂ ಕೂದಲಿನಷ್ಟೂ ವ್ಯತ್ಯಾಸವಿಲ್ಲ.

ಹೀಗೆ ಪಲ್ಲವಿಯನ್ನು ನಕಲು ಮಾಡಿ ಅಂಟಿಸಿದರೆ ಸ್ಟುಡಿಯೋ ಬಾಡಿಗೆ ಉಳಿಯುತ್ತದೆ, ಒಪ್ಪೋಣ. ಸಿನಿಮಾ ಹಾಡಿಗೆ ನನ್ನ ತಕರಾರಿಲ್ಲ. ಭಜನೆಯ ಮಾತೇ ಬೇರೆ. ಜಗನ್ನಾಥದಾಸರ ಮಾನ್ವಿಯಲ್ಲಿ ಒಂದು ಭಜನಾ ಮೇಳ ಕೂತರೆ ಲಯ ನುಡಿಯಿಂದ ನುಡಿಗೆ ಏರುತ್ತದೆ, ಕೊನೆಯ ಪಲ್ಲವಿ ಮೊದಲಿನದಕ್ಕಿಂತ ಚುರುಕಾಗಿರುತ್ತದೆ. ಮೊದಲ ಪಲ್ಲವಿಯನ್ನು ಅಲ್ಲಿ ಅಂಟಿಸಿದರೆ ಕೂರುವುದಿಲ್ಲ. ಕೂರಿಸಬೇಕೆಂದು ಹಾಡುವವರ ಕಿವಿಗೆ ಒಂದೇ ವೇಗದ ಟಿಕ್-ಟಿಕ್ ಸದ್ದು ಹಾಕಿ, ಏರುವ ಲಯವನ್ನೇ ಕಟ್ಟಿಹಾಕುತ್ತಾರೆ.

ನಿಮ್ಮ ಮೇಳ ರೆಕಾರ್ಡಿಂಗಿಗೆ ಹೊರಟಿದ್ದರೆ ಸ್ಟುಡಿಯೋದವರಿಗೆ ಮೊದಲೇ ಹೇಳಿಬಿಡಿ: ಟಿಕ್-ಟಿಕ್ ಬೇಡ, ಪಲ್ಲವಿಯನ್ನು ಪ್ರತಿ ಸಲವೂ ನಾವೇ ಹಾಡುತ್ತೇವೆ ಅಂತ.