ಯಾರಿಗೆ ಈ ನೆಗಡಿ ಮಾತ್ರೆ?

ನೆಗಡಿಯಂಥ ರೋಗವಿಲ್ಲ, ಬುಗುಡಿಯಂಥ ಒಡವೆಯಿಲ್ಲ ಎಂಬ ಗಾದೆಯನ್ನು ತಾವೆಲ್ಲ ಕೇಳಿದ್ದೀರಿ. ನಮ್ಮ ಕೊಂಡಜ್ಜಿಯಲ್ಲಿ ಚಳಿ ಬಿದ್ದು, ಬೆಳಗಿನ ಹೊತ್ತು ಕೆರೆಯ ಕಡೆಯಿಂದ ತಣ್ಣನೆಯ ಗಾಳಿ ಬೀಸತೊಡಗಿತೆಂದರೆ, ಮನೆಗೊಬ್ಬರಾದರೂ ಮೂಗು ಕಟ್ಟಿ ಹಣೆ ಒತ್ತಿಕೊಂಡು ಕೂತಿರುತ್ತಾರೆ. ಹರಿಹರಕ್ಕೋ ದಾವಣಗೆರೆಗೋ ಹೊರಟವರಿಗೆ "ನಾಲ್ಕು ನೆಗಡಿ ಮಾತ್ರೆ ತನ್ನಿ" ಎಂದು ಹೇಳಿ ಕಳಿಸುವುದು ವಾಡಿಕೆ. ಯಾರಿಗೆಂದು ಅಂಗಡಿಯಲ್ಲಿ ಕೇಳುವುದೂ ಅಪರೂಪ, ನಾವು ಹೇಳುವುದೂ ಅಪರೂಪ.

ನಾನು ವೈದ್ಯನಲ್ಲ. ನೆರೆಹೊರೆಯವರು ಮಾತ್ರೆಯ ಪಟ್ಟಿ ತಂದು ಅದರ ಮೇಲಿನ ಸಣ್ಣ ಅಕ್ಷರಗಳನ್ನು ನನ್ನಿಂದ ಓದಿಸಿಕೊಳ್ಳುತ್ತಾರೆ. ಹಾಗೆ ಓದಿ ತಿಳಿದುದನ್ನು ಇಲ್ಲಿ ಅರಿಕೆ ಮಾಡುತ್ತೇನೆ.

ನೆಗಡಿ ವೈರಾಣುವಿನಿಂದ ಬರುವಂಥದು. ಅದನ್ನು ಗುಣಪಡಿಸುವ ಮಾತ್ರೆಯಿಲ್ಲ. ಒಂದೇ ಮಾತ್ರೆಯೆಂದು ನಾವು ನುಂಗುವುದು ಸಾಮಾನ್ಯವಾಗಿ ಮೂರು ಔಷಧಗಳ ಕೂಟ. ಜ್ವರ, ಮೈಕೈನೋವಿಗೆ ಪ್ಯಾರಸಿಟಮಾಲ್. ಸೀನು, ಸೋರುವ ಮೂಗಿಗೆ ಕ್ಲೋರ್‌ಫೆನಿರಮಿನ್. ಕಟ್ಟಿದ ಮೂಗನ್ನು ಬಿಡಿಸಲೆಂದು ಫಿನೈಲೆಫ್ರಿನ್. ಇವುಗಳಲ್ಲಿ ಎರಡನೆಯದು ನಿದ್ದೆ ತರುತ್ತದೆ. ಅದನ್ನು ನುಂಗಿ ಟ್ರ್ಯಾಕ್ಟರ್ ಏರುವುದು ಅಪಾಯ. ಮೂರನೆಯದು ರಕ್ತದ ಒತ್ತಡವನ್ನು ಏರಿಸಬಹುದು. ಆದ್ದರಿಂದ ಒತ್ತಡವಿರುವ ಹಿರಿಯರು ವೈದ್ಯರನ್ನು ಕೇಳದೆ ಅದನ್ನು ಸೇವಿಸಬಾರದು. ಸೋಜಿಗವೆಂದರೆ, ಅದನ್ನು ಬಾಯಿಯಿಂದ ಸೇವಿಸಿದರೆ ಕಟ್ಟಿದ ಮೂಗಿಗೆ ಪ್ರಯೋಜನ ಕಾಣದೆಂದು 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ತಜ್ಞರ ಸಮಿತಿ ಒಮ್ಮತದಿಂದ ಹೇಳಿತು. ಅದೇ ವರ್ಷದ ಡಿಸೆಂಬರಿನಲ್ಲಿ ನಮ್ಮ ಕೇಂದ್ರ ಔಷಧ ನಿಯಂತ್ರಕರು, ಇವೆರಡನ್ನು ಬೆರೆಸಿದ ಔಷಧವನ್ನು 4 ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಅದರ ಮೇಲೆಯೇ ಮುದ್ರಿಸಬೇಕೆಂದರು. ದೊಡ್ಡವರ ಮಾತ್ರೆಯನ್ನು ಅರ್ಧ ಮುರಿದು ಮಗುವಿಗೆ ತಿನ್ನಿಸುವ ತಾಯಂದಿರು ಇದನ್ನು ಮನಸ್ಸಿನಲ್ಲಿಡಬೇಕು.

ಇನ್ನೊಂದು ಸಂಗತಿ. ಬೆಳಿಗ್ಗೆ ನೆಗಡಿ ಮಾತ್ರೆ, ಮಧ್ಯಾಹ್ನ ಜ್ವರದ ಮಾತ್ರೆ ನುಂಗಿದವರು ಎರಡು ಹೆಸರಿನಲ್ಲಿ ಒಂದೇ ಪ್ಯಾರಸಿಟಮಾಲನ್ನು ನುಂಗಿರುತ್ತಾರೆ. ಅದು ಮಿತಿ ಮೀರಿದರೆ ಯಕೃತ್ತಿಗೆ ಕೇಡು. ಆಕ್ಸಿಮೆಟಜೊಲಿನ್‌ನಂಥ ಮೂಗಿನ ಹನಿ ಬೇಗ ಉಸಿರಾಟ ಸರಾಗ ಮಾಡುತ್ತದೆ, ನಿಜ. ಆದರೆ 3 ದಿನಕ್ಕಿಂತ ಹೆಚ್ಚು ಬಳಸುತ್ತ ಹೋದರೆ, ಹನಿಯ ದೆಸೆಯಿಂದಲೇ ಮೂಗು ಮತ್ತೆ ಕಟ್ಟತೊಡಗುತ್ತದೆ.

ಬಹುಪಾಲು ನೆಗಡಿಗೆ ವಿಶ್ರಾಂತಿ, ಬೆಚ್ಚನೆಯ ಗಂಜಿ, ಮೂಗಿಗೆ ಕಾಯಿಸಿ ಆರಿಸಿದ ಉಪ್ಪುನೀರು, ಇಷ್ಟೇ ಸಾಕು. 10 ದಿನವಾದರೂ ಇಳಿಯದಿದ್ದರೆ, ಜ್ವರ ಬಲವಾದರೆ, ಕಣ್ಣಿನ ಸುತ್ತ ಬಾವು ಬಂದರೆ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು.

ಪೇಟೆಗೆ ಹೋಗುವವರ ಕೈಗೆ ದುಡ್ಡಿನ ಜೊತೆ ಒಂದು ಚೀಟಿಯನ್ನೂ ಕೊಡಿ. ರೋಗಿಯ ವಯಸ್ಸು, ಒತ್ತಡವಿದೆಯೆ, ಬಸುರಿಯೆ, ಬೇರೆ ಯಾವ ಮಾತ್ರೆ ನಡೆದಿದೆ, ಈ ನಾಲ್ಕು ಮಾತು ಅದರಲ್ಲಿರಲಿ. ಕಾಸಿಲ್ಲದ ಎಚ್ಚರಿಕೆ ಇದು.